ನಡುಗುವ ಕೈಗಳ ಜೊತೆ ಒಂದು ಚಳಿಗಾಲ

ಜನವರಿ ೧೮, ಭಾನುವಾರ

ಮುದ್ದು ಮಗಳೇ,

ಹೇಗಿದ್ದೀಯ? "ನಾನಿಲ್ಲಿ ಕ್ಷೇಮ" ಎಂದು ಬರೆದು ಮುಂದಕ್ಕೆ ಹೋಗುವ ಅಭ್ಯಾಸವನ್ನು ಈ ಸಲ ಬಿಡುತ್ತೇನೆ. ನಿನ್ನ ಪತ್ರ ಬಂದು ಇಪ್ಪತ್ತಾರು ದಿನವಾಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆದರಿಕೆಯಾಗಿತ್ತು. ಫೋನಿನಲ್ಲೂ ಊಟ ಆಯಿತಾ, ಸ್ವೆಟರ್ ಹಾಕಿಕೊಂಡಿದ್ದೀಯಾ ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದೆ.

"ಬೆಳಿಗ್ಗೆ ಏಳೋಕೇ ಆಗ್ತಿಲ್ಲ ಅಮ್ಮ. ಸಂಜೆ ಬೇಗ ಕತ್ತಲಾದ್ರೆ ಎದೆ ಡವಗುಟ್ಟುತ್ತೆ. ನಾನು ಸೋಮಾರಿ ಆಗಿಬಿಟ್ನಾ?" ಎಂದು ಬರೆದಿದ್ದೆಯಲ್ಲ, ಆ ಸಾಲುಗಳನ್ನು ನಿಂತೇ ಓದುತ್ತಿದ್ದವಳು ಕೂತುಬಿಟ್ಟೆ. ನೀನು ಹೇಳುತ್ತಿರುವುದು ಸೋಮಾರಿತನ ಅಲ್ಲ. ನಿನಗಾಗುತ್ತಿರುವುದರ ಪರಿಚಯ ನನಗೆ ಚೆನ್ನಾಗಿ ಇದೆ. ಹೇಗೆ ಎಂದು ಈಗಲೇ ಕೇಳಬೇಡ, ಬರೆಯುತ್ತಾ ಧೈರ್ಯ ಬಂದರೆ ಹೇಳುತ್ತೇನೆ.

ಅವತ್ತಿನಿಂದ ನಮ್ಮ ಕನ್ನಡಕದ ಅಂಗಡಿಯ ಫೋನ್ ರಿಂಗಾದರೂ ನನ್ನ ಕೈ ತಣ್ಣಗಾಗುತ್ತದೆ. ಹೋದ ತಿಂಗಳ ಕೊನೆಯಲ್ಲಿ ಒಬ್ಬ ಬಸ್ ಡ್ರೈವರ್‌ನ ಕನ್ನಡಕಕ್ಕೆ ಎಡದ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿ ಕೊಟ್ಟುಬಿಟ್ಟೆ. ಇಪ್ಪತ್ತೊಂದು ವರ್ಷದಲ್ಲಿ ಎಂದೂ ಹಾಗಾಗಿರಲಿಲ್ಲ. ಆತ ಅದನ್ನು ಹಾಕಿಕೊಂಡು ನಮ್ಮ ಮೆಟ್ಟಿಲಿಳಿಯುವಾಗಲೇ ಮುಗ್ಗರಿಸಿ ಕಂಬ ಹಿಡಿದುಕೊಂಡ. ವಾಪಸ್ ಬಂದು, "ಮೇಡಂ, ಮೆಟ್ಟಿಲು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಇದನ್ನೇ ಹಾಕಿಕೊಂಡು ಬಸ್ ಓಡಿಸಿದ್ದರೆ? ಗಾಜು ಸರಿಮಾಡಿ ಕೊಟ್ಟು ಹಿಂದಿನ ಕೋಣೆಗೆ ಹೋದೆ. ಕೆಲಸಕ್ಕೆ ಬಾರದವಳು, ದಂಡಪಿಂಡ ಎಂದು ಬಾಯಿಗೆ ಬಂದಂತೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನಮ್ಮ ಸ್ಕ್ರೂ ಅಣ್ಣ ಗೊತ್ತಲ್ಲ, ಮೂವತ್ತು ವರ್ಷದಿಂದ ಫ್ರೇಮುಗಳಿಗೆ ತಿರುಪು ಹಾಕುತ್ತಾ ಬಂದವರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಂದು ಲೋಟ ಬಿಸಿನೀರು ತಂದು ನನ್ನ ಎರಡೂ ಕೈಗೆ ಹಿಡಿಸಿದರು.

"ಇದೇ ತಪ್ಪು ನಾನು ಮಾಡಿದ್ರೆ ಹೀಗೆ ಬೈತಿದ್ರಾ?"

"ಇಲ್ಲ."

"ಯಾಕೆ?"

"ನಿಮಗೆ ವಯಸ್ಸಾಗಿದೆ."

"ನನಗಿಂತ ಎರಡೇ ವರ್ಷ ಚಿಕ್ಕೋರು ನೀವು" ಎಂದರು. ನಗುತ್ತಾ ನಗುತ್ತಾ ಅಳು ಬಂತು. ಅವರು ಎದ್ದು ಹೋಗಲಿಲ್ಲ, ಏನಾಯಿತು ಎಂದು ಕೆದಕಲೂ ಇಲ್ಲ. ಲೋಟ ಖಾಲಿಯಾಗುವವರೆಗೂ ಪಕ್ಕದ ಸ್ಟೂಲಿನಲ್ಲಿ ಸುಮ್ಮನೆ ಕೂತಿದ್ದರು.

ಮಾರನೆಯ ದಿನವೇ ರಜ ಹಾಕಿ ಡಾಕ್ಟರಮ್ಮನ ಹತ್ತಿರ ಹೋದೆ. ಹಗಲು ಚಿಕ್ಕದಾದಾಗ ಕೆಲವರಿಗೆ ಹೀಗಾಗುತ್ತದೆ, ಹೆದರಿದವರನ್ನು ಬೈದರೆ ಹೆದರಿಕೆ ಇನ್ನೂ ಹೆಚ್ಚಾಗುತ್ತದೆ ಎಂದರು. ಬಿಸಿಲಿರುವಾಗ ನಡೆಯಿರಿ, ಒಬ್ಬರೇ ಇರಬೇಡಿ, ಮಾತ್ರೆ ಬೇಕಾದರೆ ತಗೊಳ್ಳೋಣ, ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ ಎಂದರು. ಈಗ ಮಧ್ಯಾಹ್ನ ಅರ್ಧ ಗಂಟೆ ಬಸ್ ಡಿಪೋದ ಗೋಡೆಗುಂಟ ನಡೆಯುತ್ತೇನೆ. ಬೆಳಿಗ್ಗೆ ಏಳಕ್ಕೆ ಮಹಡಿ ಮೇಲಿನ ಮನೆಯ ಟೀಚರ್ ಬಂದು ಬಾಗಿಲು ತಟ್ಟುತ್ತಾರೆ. ಕೆಲವು ದಿನ ಎದ್ದು ತಲೆ ಬಾಚಿಕೊಳ್ಳುವಷ್ಟರಲ್ಲೇ ಸುಸ್ತು. ಅಂಥ ದಿನ ಅಷ್ಟೇ ಸಾಕು ಎಂದುಕೊಳ್ಳುವುದನ್ನು ಕಲಿಯುತ್ತಿದ್ದೇನೆ.

ಹೆದರಿಕೆ ಹೋಯಿತೆಂದು ಮಾತ್ರ ತಿಳಿಯಬೇಡ. ಹೋದ ಭಾನುವಾರ ಮೂರು ಗಂಟೆಯಿಂದ ನಿನ್ನ ಫೋನ್ ಸ್ವಿಚ್ ಆಫ್ ಬರುತ್ತಿತ್ತಲ್ಲ, ನಾಲ್ಕು ಗಂಟೆ ಕಾಲ ನಾನು ಚಪ್ಪಲಿ ಮೆಟ್ಟಿಕೊಂಡು, ಚೀಲ ಮಡಿಲಲ್ಲಿಟ್ಟುಕೊಂಡು ಬಾಗಿಲ ಹತ್ತಿರವೇ ಕೂತಿದ್ದೆ. ಎಲ್ಲಿಗೆ ಹೊರಡಬೇಕು ಅಂತಲೂ ಗೊತ್ತಿರಲಿಲ್ಲ. ನಿನ್ನ ಶಾಲೆಯ ಮಕ್ಕಳ ನಾಟಕದ ತಾಲೀಮು ಇತ್ತು ಎಂದು ನೀನು ಏಳಕ್ಕೆ ಹೇಳಿದಾಗ, "ಹೌದಾ, ಸರಿ" ಎಂದೆ. ಫೋನ್ ಇಟ್ಟಮೇಲೆ ಚಪ್ಪಲಿ ಬಿಚ್ಚಿದೆ. ಹುಚ್ಚಿ ಎಂದು ಬೈದುಕೊಳ್ಳಲು ಬಾಯಿ ತೆರೆದವಳು ಸುಮ್ಮನಾದೆ. ಬಕೆಟ್ಟಿಗೆ ಬಿಸಿನೀರು ಹಾಕಿ ಕಾಲಿಟ್ಟುಕೊಂಡು, "ಹೆದರಿಕೊಂಡಿದ್ದೀಯ, ಪರವಾಗಿಲ್ಲ, ಸ್ವಲ್ಪ ಕೂತ್ಕೋ" ಎಂದು ನನಗೆ ನಾನೇ ಹೇಳಿಕೊಂಡೆ. ಯಾರಾದರೂ ಕೇಳಿಸಿಕೊಂಡರಾ ಎಂದು ಕಿಟಕಿ ಕಡೆ ನೋಡಿದ್ದೂ ಆಯಿತು.

ನಿನ್ನಿಂದಲೂ ಇಷ್ಟೇ ಕೇಳುತ್ತೇನೆ. ನಿನ್ನನ್ನು ಸೋಮಾರಿ ಎನ್ನಬೇಡ. ನಿನ್ನ ತರಗತಿಯ ಮಗು ಹೆದರಿ ಅತ್ತರೆ ಯಾವ ದನಿಯಲ್ಲಿ ಮಾತಾಡಿಸುತ್ತೀಯೋ ಅದೇ ದನಿಯಲ್ಲಿ ನಿನ್ನನ್ನೂ ಮಾತಾಡಿಸಿಕೋ. ಕೋಣೆಯಲ್ಲಿ ಜೊತೆಗಿರುವ ಹುಡುಗಿಗೆ ವಿಷಯ ಹೇಳು. ಡಾಕ್ಟರ ಹತ್ತಿರ ಹೋಗು. ಒಬ್ಬಳೇ ಹೋಗಲು ಭಯವಾದರೆ ನನಗಾಗಿ ಕಾದಿರು, ಬುಧವಾರದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಬೇಡ ಅಂದರೂ ಬರುತ್ತೇನೆ.

ನಿನ್ನ ಕೋಣೆಗೆ ಬಿಸಿಲು ಬೇಗ ಬರಲಿ. ನಿನ್ನ ಮೇಲೆ ನಿನಗೆ ಕರುಣೆ ಇರಲಿ. ಚೆನ್ನಾಗಿ ಬಾಳು, ಕಂದಾ.

ನಿನ್ನ
ಅಮ್ಮ

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ನಿನಗೆ ಎಂಟು ವರ್ಷವಾಗಿದ್ದಾಗ, ಇಂಥದೇ ಚಳಿಯಲ್ಲಿ, ನಾನು ಎರಡು ತಿಂಗಳು ಮನೆಯಲ್ಲಿರಲಿಲ್ಲ. ತರಬೇತಿಗೆ ಹೋಗಿದ್ದಾಳೆ ಎಂದು ಚಿಕ್ಕಮ್ಮ ಹೇಳಿದ್ದಳು. ಅದು ಸುಳ್ಳು. ನಾನು ಆಸ್ಪತ್ರೆಯಲ್ಲಿದ್ದೆ. ಬದುಕುವುದೇ ಬೇಡ ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವತ್ತು ಚಿತ್ರದ ಪುಸ್ತಕ ಮರೆತೆ ಎಂದು ಶಾಲೆಯಿಂದ ವಾಪಸ್ ಬಂದು, ಏಳದ ನನ್ನನ್ನು ನೋಡಿ ಪಕ್ಕದ ಮನೆಯವರನ್ನು ಕೂಗಿ ಕರೆದವಳು ನೀನು. ಅವತ್ತು ಜ್ವರ ಬಂದು ಮಲಗಿದ್ದೆ, ವಾಸಿಯಾದ ಮೇಲೆ ತರಬೇತಿಗೆ ಹೋದೆ ಎಂದು ಚಿಕ್ಕಮ್ಮನೂ ನಾನೂ ನಿನ್ನನ್ನು ನಂಬಿಸಿದೆವು. ಮನೆಗೆ ಬಂದ ರಾತ್ರಿ ನೀನು ನನ್ನ ಸೆರಗು ಹಿಡಿದು, "ನಾನೇನಾದ್ರೂ ತಪ್ಪು ಮಾಡಿದ್ನಾ ಅಮ್ಮ?" ಎಂದು ಕೇಳಿದೆ. ನಾನು ಗೋಡೆ ಕಡೆ ತಿರುಗಿ ಮಲಗಿದೆ. ನೀನು ಮತ್ತೆ ಯಾವತ್ತೂ ಕೇಳಲಿಲ್ಲ.

ಇಲ್ಲ ಕಂದಾ. ನೀನು ಯಾವ ತಪ್ಪೂ ಮಾಡಿರಲಿಲ್ಲ.