ಹಸಿರು ಚುಕ್ಕಿಯ ಮನೆ

೧೧ ಮಾರ್ಚ್, ಮಂಗಳವಾರ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆ, ಬೈದುಕೋ, ತಪ್ಪಿಲ್ಲ. ನಿನ್ನ ಭಾವನಿಗೆ ಕಣ್ಣಿನ ಪೊರೆ ತೆಗೆಸಿ ಆಯಿತು. ಈಗ ಮೂಲೆಮೂಲೆಯ ಧೂಳೆಲ್ಲ ಅವರಿಗೆ ಕಾಣುತ್ತದೆ, ನನಗೆ ಕೆಲಸ ಹೆಚ್ಚಿದೆ. ನಿನ್ನ ಮಂಡಿನೋವು ಹೇಗಿದೆ?

ತಡವಾದದ್ದಕ್ಕೆ ಕಾರಣ ಬೇರೆ. ಹಿಂದಿನ ಬೀದಿಯ ಹೊಲಿಗೆಯವಳ ಕೂಸು ಹೋಯಿತು. ಏಳು ವಾರದ್ದು. ಅದರಲ್ಲಿ ನನ್ನ ಪಾಲಿದೆ.

ಮೂರು ತಿಂಗಳ ಹಿಂದೆ ಶಾಲೆಯ ವಿಜ್ಞಾನದ ಮೇಷ್ಟ್ರು ನಮ್ಮ ಬೀದಿಗಳ ಹೆಂಗಸರನ್ನು ಸೇರಿಸಿ ಕಾಗದದ ಪಟ್ಟಿಗಳನ್ನು ಕೊಟ್ಟರು. ಮನೆಯ ನೀರಿನಲ್ಲಿ ಪಟ್ಟಿ ಅದ್ದಬೇಕು, ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಕು. ಹೊಲಗಳ ಗೊಬ್ಬರದ ವಿಷ ನೀರಿಗೆ ಇಳಿದಿದ್ದರೆ ಪಟ್ಟಿ ಕೆಂಪಾಗುತ್ತದೆ. ನಕ್ಷೆಯಲ್ಲಿ ಆ ಮನೆಗೆ ಕೆಂಪು ಚುಕ್ಕಿ, ಪಟ್ಟಿ ಬಿಳಿಯಾಗೇ ಉಳಿದರೆ ಹಸಿರು. "ವಿಜ್ಞಾನಿಗಳು ಮನೆಮನೆಗೆ ಬರೋಕಾಗಲ್ಲ, ಅವರ ಕಣ್ಣು ನೀವೇ" ಅಂದರು. ದೇವರ ಕೆಲಸ ಅಂತಲೇ ಹೊರಟೆ.

ಜನರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ನಿವೃತ್ತ ಪೋಸ್ಟ್‌ಮ್ಯಾನ್, "ತಡೀರಿ, ನೀರಿಗೆ ಸ್ವಲ್ಪ ಪೌಡರ್ ಹಚ್ಚಿ ಕೊಡ್ತೀನಿ, ಫೋಟೋ ಚೆನ್ನಾಗಿ ಬರ್ಲಿ" ಅಂದರು. "ನಿಮ್ಮ ಮುಖಕ್ಕೆ ಹಚ್ಕೊಳ್ಳಿ, ನೀರಿಗೆ ಬೇಡ" ಅಂದೆ. ನಕ್ಕು ತಂಬಿಗೆ ತಂದರು. ಹಾಗೆ ನಗಿಸಿ, ಜಗಳವಾಡಿ ಮೂವತ್ತೊಂದು ಮನೆ ಮಾಡಿದೆ. ನಲವತ್ತಾಗದಿದ್ದರೆ ನಮ್ಮ ಕಡೆಯದು ನಕ್ಷೆಗೇ ಸೇರುವುದಿಲ್ಲವಂತೆ. ಉಳಿದ ಪಟ್ಟಿಗಳನ್ನು ನಮ್ಮ ಮನೆಯ ನಲ್ಲಿ ನೀರಿನಲ್ಲೇ ಅದ್ದಿ, ಬಾಗಿಲು ತೆಗೆಯದ ಮನೆಗಳ ನಂಬರು ಹಾಕಿ ಕಳಿಸಿದೆ. ಇಷ್ಟು ಜನರ ಶ್ರಮ ನೀರುಪಾಲಾಗಬಾರದು ಅಂದುಕೊಂಡೆ.

ಹೊಲಿಗೆಯವಳದು ಹಿತ್ತಲಿನ ಕೈಪಂಪು. ಎದೆಹಾಲು ಸಾಲದೆ ಪುಡಿಹಾಲು ಕಲಸುವಾಗ ಬಂದು ಕೇಳಿದಳು: "ಅಕ್ಕಾ, ನಮ್ಮ ನೀರು ಕೂಸಿಗೆ ಆಗುತ್ತಾ?" ಫೋನ್ ತೆಗೆದು ಅವಳ ಮನೆಯ ಹಸಿರು ಚುಕ್ಕಿ ತೋರಿಸಿದೆ.

ಕೂಸಿನ ತುಟಿ, ಉಗುರು ನೀಲಿಯಾದವು. ಡಾಕ್ಟರು ಪಂಪಿನ ನೀರಿನ ಮೇಲೇ ಅನುಮಾನಪಟ್ಟರು. "ಕುದಿಸೇ ಕೊಟ್ಟಿದ್ದೆ" ಅಂತ ಅವಳು ಎಲ್ಲರಿಗೂ ಹೇಳುತ್ತಿದ್ದಳು. ಆ ವಿಷ ಕುದಿಸಿದರೆ ಹೋಗುವಂಥದ್ದಲ್ಲವಂತೆ.

ಅವಳ ದೊಡ್ಡ ಮಗಳು ಇನ್ನೂ ಅದೇ ನೀರು ಕುಡಿಯುತ್ತಿದ್ದಳು. ಸುಮ್ಮನಿರಲಾಗದೆ ನಾನು ಮಾಡಿದ್ದನ್ನು ಮೇಷ್ಟ್ರಿಗೆ ಹೇಳಿದೆ. ಅವರು ತಲೆ ಹಿಡಿದುಕೊಂಡು ಕೂತರು. "ಇನ್ನು ಯಾರು ಬಾಗಿಲು ತೆಗೀತಾರಮ್ಮ ನಮಗೆ?" ಅಂದರು. ಆದರೂ ಅವತ್ತೇ ಪಂಪಿಗೆ ಬೀಗ ಹಾಕಿಸಿದರು.

ಆಮೇಲೆ ಹೊಲಿಗೆಯವಳ ಮುಂದೆ ಕೂತು, ಬಾಗಿಲು ತೆಗೆಯದ ಮನೆಗಳಿಗೆ ನಾನೇ ಹಸಿರು ಬರೆದೆ ಅಂದೆ. ಅವಳು ಬಯ್ಯಲಿಲ್ಲ. "ಮಿಷನ್ ಸದ್ದಲ್ಲಿ ನೀವು ಬಾಗಿಲು ಬಡಿದದ್ದು ನಂಗೇ ಕೇಳಿಸಿರಲ್ಲ ಅಕ್ಕಾ. ನಾನು ಬಾಗಿಲು ತೆಗೆದಿದ್ದಿದ್ರೆ ಮಗ ಉಳೀತಿದ್ದ" ಅಂದಳು.

ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಡಲಿ. ನನಗಾಗಿ ಏನೂ ಬೇಡಿಕೊಳ್ಳಬೇಡ.

ನಿನ್ನ ಅಕ್ಕ

ಮರೆತು ಬಿಟ್ಟಿದ್ದಲ್ಲ, ಬರೆಯಲು ಕೈ ಬರಲಿಲ್ಲ: ಅವಳು ಬಾಗಿಲು ತೆಗೆದಿದ್ದಳು. ತುಂಬು ಬಸುರಿ, ಹೊಲಿಗೆಯಿಂದ ತಲೆಯೆತ್ತದೆ "ಅಲ್ಲೇ ಕೊಡದಲ್ಲಿದೆ, ತಗೊಳ್ಳಿ" ಅಂದಳು. ಪಟ್ಟಿ ಕೆಂಪಾಯಿತು. ಎಲ್ಲರದೂ ಬಿಳಿ ಬಂದಿರುವಾಗ ಇದೊಂದು ಪಟ್ಟಿ ಕೆಟ್ಟಿರಬೇಕು ಅಂದುಕೊಂಡು ಚರಂಡಿಗೆ ಎಸೆದೆ. ಅವಳಿಗೆ ಅದು ನೆನಪಿಲ್ಲ. ನಾನು ನೆನಪಿಸಿಲ್ಲ.