ನಾಲ್ಕು ಮೂಲೆಗೆ ಅರಿಶಿನ

ಬಟವಾಡಿ, ತುಮಕೂರು
೬ ಜೂನ್ ೨೦೨೫

ಪ್ರೀತಿಯ ಅಮ್ಮನಿಗೆ ನಿನ್ನ ಪಲ್ಲವಿಯ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ನಡುನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ನೀನು ಕಲಿಸಿದಂತೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೇನೆ. ಖುಷಿಯ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಅಂತರಸನಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಗುರುಪ್ರಕಾಶ್ ಅಂತ ಪ್ಯಾಕಿಂಗ್ ಸೂಪರ್‌ವೈಸರ್ ಇದ್ದಾರೆ. ನಾನಿರುವುದು ಕ್ವಾಲಿಟಿ ವಿಭಾಗದಲ್ಲಿ. ಆರು ತಿಂಗಳಿಂದ ಸಂಜೆ ಅವರ ಬೈಕಿನಲ್ಲೇ ರೂಮಿಗೆ ಬರುತ್ತೇನೆ. ಏಪ್ರಿಲ್‌ನಲ್ಲಿ, ಮದುವೆಯಾಗೋಣವೇ ಎಂದು ಕೇಳಿದರು. ನಾನು ಉತ್ತರ ಕೊಡದೆ ಸತಾಯಿಸುತ್ತಿದ್ದೆ.

ಸೋಮವಾರ ಎಚ್‌ಆರ್‌ಗೆ ಹೆಸರಿಲ್ಲದ ದೂರೊಂದು ಬಂತು. ಅವರು ನನ್ನನ್ನು ಬಲವಂತವಾಗಿ ಬೈಕ್ ಹತ್ತಿಸಿಕೊಳ್ಳುತ್ತಾರಂತೆ, ಕೆಲಸದಿಂದ ತೆಗೆಯಬೇಕಂತೆ! ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಎಂದು ಅವರನ್ನು ಕಳಿಸಿದರು. ಪರಸ್ಪರ ಫೋನ್ ಮಾಡಬಾರದೆಂದು ಇಬ್ಬರಿಗೂ ತಾಕೀತು. ನಾಲ್ಕು ದಿನ ಸಂಜೆ ಬಸ್ಸಿನಲ್ಲಿ ಒಬ್ಬಳೇ ರೂಮಿಗೆ ಬಂದೆ.

ಇವತ್ತು ನನ್ನ ಸರದಿ. ಎಚ್‌ಆರ್‌ನ ರೂಪಶ್ರೀ ಮೇಡಂ, ಗುರುಪ್ರಕಾಶ್ ಕೊಟ್ಟಿದ್ದ ಹೇಳಿಕೆ ಓದಿದರು. ಒಂದೇ ಸಾಲು: "ಪಲ್ಲವಿ ಏನ್ ಹೇಳ್ತಾರೋ ಅದೇ ಸರಿ ಮೇಡಂ." ತಮ್ಮನ್ನು ಉಳಿಸಬಹುದಾಗಿದ್ದ ನನ್ನ ಮೆಸೇಜ್ ಒಂದನ್ನೂ ಅವರು ತೋರಿಸಿರಲಿಲ್ಲ. ಕೆಲಸ ಹೋಗುವ ಹೊತ್ತಿನಲ್ಲೂ ನನ್ನ ಮರ್ಯಾದೆ ಕಾದವರನ್ನು ಇನ್ನೆಷ್ಟು ಸತಾಯಿಸಲಿ ಅಮ್ಮ?

"ಬಲವಂತ ಏನಾದ್ರೂ ಇತ್ತೇನಮ್ಮ? ಹೆದರ್ಕೋಬೇಡ, ಹೇಳು," ಎಂದರು ಮೇಡಂ.

"ಡ್ರಾಪ್ ಕೊಡಿ ಅಂತ ಮೊದ್ಲು ಕೇಳಿದ್ದೇ ನಾನು. ಅವ್ರನ್ನೇ ಮದ್ವೆ ಆಗ್ತೀನಿ, ಅದ್ನೂ ಬರ್ಕೊಳಿ ಮೇಡಂ," ಎಂದುಬಿಟ್ಟೆ!

ಅವರಿಗೇ ಇನ್ನೂ ಹೇಳಿರದ ಮಾತು ಆಫೀಸಿನ ಫೈಲ್ ಸೇರಿತು, ಕೆಳಗೆ ನನ್ನ ಸಹಿ ಬೇರೆ. ದೂರು ವಜಾ. ಮೇಡಂ ಗುರುಪ್ರಕಾಶ್ ಅವರನ್ನು ಕರೆಸಿ, ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದರು. ಸಂಜೆ ಗೇಟಿನ ಹತ್ತಿರ ನಾನೇ ಬಾಯಿಬಿಟ್ಟು ಹೇಳಿದಾಗ ಅವರು ಗಾಬರಿಯಲ್ಲಿ ಹೆಲ್ಮೆಟ್ ಹಿಂದುಮುಂದಾಗಿ ಹಾಕಿಕೊಂಡರು. ಸೆಕ್ಯೂರಿಟಿ ರಂಗಣ್ಣ ನಕ್ಕಿದ್ದೇ ನಕ್ಕಿದ್ದು.

ಹದಿನೈದಕ್ಕೆ, ಭಾನುವಾರ, ಇಬ್ಬರೂ ಗುಬ್ಬಿಗೆ ಬರುತ್ತೇವೆ. ಅಪ್ಪನಿಗೆ ಮೊದಲೇ ನೀನು ಹೇಳಿಟ್ಟಿರು.

ಇತಿ ನಿನ್ನ ಮುದ್ದಿನ ಮಗಳು,
ಪಲ್ಲವಿ

ತಾ.ಕ.: ದೂರಿನ ಕಾಗದವನ್ನೂ ಮೇಡಂ ತೋರಿಸಿದರು. ಅದರ ನಾಲ್ಕು ಮೂಲೆಗೂ ಅರಿಶಿನ! "ಲಗ್ನಪತ್ರಿಕೆ ಥರ ಇದೆಯಲ್ಲಮ್ಮ, ಯಾರು ಬರ್ದಿರ್ಬೋದು?" ಎಂದು ನಕ್ಕರು. ಗೊತ್ತಿಲ್ಲ ಎಂದೆ. ನನ್ನ ಕೆಲಸದ ಅರ್ಜಿಗೂ ನೀನು ಹೀಗೇ ಹಚ್ಚಿ ಕಳಿಸಿದ್ದೆ. ಬೈಕಿನ ಸುದ್ದಿ ಯಾರಿಂದ ಕೇಳಿದೆಯೋ, ಒಂದು ಮಾತು ನನ್ನನ್ನೇ ಕೇಳಬಾರದಿತ್ತೇ ಅಮ್ಮ? ತುಂಬಾ ಅತ್ತೆ. ಹೋಗಲಿ ಬಿಡು, ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ನಮ್ಮ ಲಗ್ನಪತ್ರಿಕೆಗೆ ಅರಿಶಿನ ನೀನೇ ಹಚ್ಚಬೇಕು.