ಹಸಿರು ಬಿಲ್ಲೆಯ ಮಕ್ಕಳು

ಧಾರವಾಡ, ೨೧೮೬
ಹದಿಮೂರನೆಯ ತಿಂಗಳು, ಎರಡನೆಯ ಮಂಗಳವಾರ

ಹಿಂದಿನ ಕಾಲದ ಅಜ್ಜಿ-ಮುತ್ತಜ್ಜಿಯರಿಗೆ, ನಿಮ್ಮ ಇನ್ನೂ ಹುಟ್ಟದ ಮೊಮ್ಮಗಳು ಗಂಗೋತ್ರಿ ಮಾಡುವ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮಗೆ ಅಧಿಕ ಮಾಸ ಯಾವಾಗಲೋ ಒಮ್ಮೆ ಬರುತ್ತಿತ್ತು. ನಮಗೆ ವರ್ಷವೂ ಬರುತ್ತದೆ, ಪರೀಕ್ಷೆಗೆಂದೇ. ಹನ್ನೆರಡು ತಿಂಗಳು ಮಕ್ಕಳಿಗೆ ಓದಲು ಸಾಲಲಿಲ್ಲವಂತೆ! ನಿಮಗೆ ಗೊತ್ತಿಲ್ಲದ ಪದಗಳು ನಡುನಡುವೆ ಬಂದರೆ ಕ್ಷಮಿಸಿ. ಎಪ್ಪತ್ತು ದಾಟಿದ ಮುದುಕಿ ನಾನು, ನಾಲಿಗೆಯೂ ಸ್ವಲ್ಪ ಖಾರ.

ಮೊದಲು ಮನಬಿಲ್ಲೆಯ ವಿಷಯ ಹೇಳಬೇಕು. ಮಗುವಿಗೆ ಹನ್ನೆರಡು ತುಂಬಿದ ದಿನ ನೆಂಟರಿಷ್ಟರನ್ನು ಕರೆದು, ಊಟ ಹಾಕಿಸಿ, ಕಿವಿಯ ಹಿಂದೆ ಗುಂಡಗಿನ ಒಂದು ಬಿಲ್ಲೆ ಅಂಟಿಸುತ್ತಾರೆ. ಮನಸ್ಸು ಕದಡಿದರೆ ಅದು ಕೆಂಪಾಗುತ್ತದೆ, ತಿಳಿಯಾಗಿದ್ದರೆ ಹಸಿರು. ಹರೆಯದ ಮಕ್ಕಳ ಸಂಕಟ ಹೆತ್ತವರಿಗೆ ಬೇಗ ಕಾಣಲಿ ಎಂದೇ ಇದನ್ನು ತಂದದ್ದು. ಆದರೆ ನಮ್ಮ ಜನ ಬಿಟ್ಟಾರೆಯೇ? ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸುವ ರೂಢಿ ಬಂತು. ಓಣಿಯ ಹೆಂಗಸರು ಒಬ್ಬರ ಮಗುವಿನ ಕಿವಿಯನ್ನು ಇನ್ನೊಬ್ಬರು ಇಣುಕಿ ನೋಡುತ್ತಾರೆ. "ನಿಮ್ಮಾಕಿದು ಇವತ್ತ ಸ್ವಲ್ಪ ಹಳದಿ ಕಾಣಾಕತ್ತೈತಲ್ರೀ" ಎಂದು ಯಾರಾದರೂ ನಕ್ಕರೆ ಸಾಕು, ತಾಯಿಯಾದವಳಿಗೆ ಅನ್ನ ಸೇರುವುದಿಲ್ಲ. ವರ್ಷವಿಡೀ ಹಸಿರಾಗಿದ್ದ ಮಗುವಿಗೆ ಶಾಲೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಕೆಂಪಾದ ಮಗುವನ್ನು ಮತ್ತೆ ಹಸಿರು ಮಾಡಲು ತಂಪುಮನೆಗೆ ಒಯ್ಯುತ್ತಾರೆ. ಅಲ್ಲಿಂದ ಬಂದವರು ಜಗಳವಾಡುವುದಿಲ್ಲ, ಹಾಡುವುದೂ ಇಲ್ಲ.

ಬಿಲ್ಲೆಗೆ ತಿಳಿಯದ ಸಂಗತಿ ಒಂದಿದೆ. ನೆಮ್ಮದಿಯಾಗಿರುವ ಮಗುವಿಗೂ ಹಸಿರು, ಎಲ್ಲ ಆಸೆ ಬಿಟ್ಟು ಕೂತ ಮಗುವಿಗೂ ಹಸಿರು. ಹೋದ ವರ್ಷ ಎದುರುಮನೆಯ ಹುಡುಗ ಸಾರಂಗ ಶಾಲು ಹೊದಿಸಿಕೊಂಡು ಬಂದ, ಓಣಿಗೆಲ್ಲ ಪೇಢೆ ಹಂಚಿದ, ವಾರದೊಳಗೆ ತನ್ನ ಜೀವ ತಾನೇ ಕಳೆದುಕೊಂಡ. "ಹಸರ ಇತ್ತಲ್ರೀ, ನಾ ಏನಂತ ಕೇಳಲಿ?" ಎಂದು ಅವನ ತಾಯಿ ಇಂದಿಗೂ ಬಡಬಡಿಸುತ್ತಾಳೆ.

ನಾಳೆ ನನ್ನ ಮೊಮ್ಮಗಳು ವಾರಿಜಾಳಿಗೆ ಶಾಲು. ಹದಿನೈದು ವರ್ಷದ ಹುಡುಗಿ. ಪರೀಕ್ಷೆ ಹತ್ತಿರ ಬಂದಂತೆ ಊಟ ಬಿಟ್ಟಳು, ಗೆಳತಿಯರನ್ನು ಬಿಟ್ಟಳು. ಇವತ್ತು ಬೆಳಿಗ್ಗೆ, ಪ್ರಾಣಕ್ಕಿಂತ ಹೆಚ್ಚಾಗಿದ್ದ ತನ್ನ ಪಿಟೀಲನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಂದಳು. "ಎಷ್ಟ ದೊಡ್ಡ ಮನಸ್ಸರೀ ನನ್ನ ಮಗಳದು" ಎಂದು ಸೊಸೆ ಹಿಗ್ಗಿದಳು. ಸಾರಂಗನೂ ಹೋಗುವ ಮೊದಲು ತನ್ನ ಸೈಕಲ್ಲನ್ನು ಹೀಗೇ ಕೊಟ್ಟುಬಿಟ್ಟಿದ್ದ.

ಮಧ್ಯಾಹ್ನ ಅವಳ ಕೋಣೆಗೆ ಹೋದೆ. ಬಿಲ್ಲೆ ಹಚ್ಚ ಹಸಿರು. ಪಕ್ಕದಲ್ಲಿ ಕೂತು, ಸುತ್ತಿಬಳಸದೆ ಕೇಳಿದೆ: "ವಾರೀ, ಸಾಯಬೇಕಂತ ಅನಸ್ತೈತೇನವಾ?"

ನಮ್ಮಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಬಿಲ್ಲೆ ಕೆಂಪಾದೀತೆಂಬ ಭಯ. "ಏನಿಲ್ಲ ಬಿಡ ಆಯಿ" ಎಂದಳು. ನಾನು ಏಳಲಿಲ್ಲ. ಕೊನೆಗೆ ಅವಳು ನನ್ನ ಕಡೆ ತಿರುಗಿದಳು. "ಹೌದು ಆಯಿ" ಅಂದವಳೇ ನನ್ನ ತೊಡೆಯ ಮೇಲೆ ಬಿದ್ದು ಅಳತೊಡಗಿದಳು. ಬಿಲ್ಲೆ ಕೆಂಡದಂತೆ ಕೆಂಪಾಯಿತು. ಅಯ್ಯೋ, ಆ ಕೆಂಪು ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಹುಡುಗಿ ಒಳಗೆ ಇನ್ನೂ ಇದ್ದಾಳೆ.

ಬಿಲ್ಲೆ ಕೆಂಪಾದರೆ ತಂಪುಮನೆಯವರಿಗೆ ತಾನಾಗಿ ಗೊತ್ತಾಗುತ್ತದೆ. ಬಂದು ಹೊರಗೆ ನಿಂತಿದ್ದಾರೆ. "ಅವ್ವಾ, ನಾಳೆ ಸನ್ಮಾನ ಐತಿ, ಮರ್ಯಾದಿ ತಗೀಬ್ಯಾಡ!" ಎಂದು ಮಗ ಬಾಗಿಲು ಬಡಿಯುತ್ತಿದ್ದಾನೆ. ಅವನ ಮರ್ಯಾದೆಗೆ ಬೆಂಕಿ ಬೀಳಲಿ. ಎರಡೂ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ.

ನನ್ನ ಹಿರಿಯರೇ, ನಿಮ್ಮ ಮಕ್ಕಳು ಇನ್ನೂ ಬಾಗಿಲು ದಢಾರನೆ ಹಾಕಿಕೊಳ್ಳುತ್ತಾರಂತೆ, ಸಿಡುಕುತ್ತಾರಂತೆ, ಕಾರಣ ಹೇಳದೆ ಅಳುತ್ತಾರಂತೆ. ಪುಣ್ಯವಂತರು ನೀವು. ಸುಮ್ಮನಿರುವ ಮಗುವನ್ನು ಹೊಗಳಿ ನಾಲ್ಕು ಜನರ ಮುಂದೆ ನಿಲ್ಲಿಸಬೇಡಿ. ಈ ಬಿಲ್ಲೆ ಹುಟ್ಟುವುದು ಅಲ್ಲಿಂದಲೇ. ಪಕ್ಕದಲ್ಲಿ ಕೂತು ಕೇಳಿ, ಉತ್ತರ ಬರುವವರೆಗೆ ಏಳಬೇಡಿ. ನಿಮ್ಮ ಕಾಲದಲ್ಲಿ ಮನಸ್ಸಿನ ಮಾತು ಕೇಳುವ ವೈದ್ಯರಿದ್ದರಂತೆ, ಅವರ ಬಳಿಗೆ ಕರೆದೊಯ್ಯಿರಿ. ನಮ್ಮಲ್ಲಿ ಅಂಥವರು ಯಾರೂ ಉಳಿದಿಲ್ಲ.

ಮೇಲಿನ ಚಿಲಕ ಈಗಷ್ಟೇ ಕಿತ್ತು ಬಿತ್ತು. ಕೆಳಗಿನದು ಎಷ್ಟು ಹೊತ್ತು ತಡೆಯುತ್ತದೋ ಗೊತ್ತಿಲ್ಲ. ವಾರಿಜಾ ನನ್ನ ಸೆರಗು ಬಿಗಿಯಾಗಿ ಹಿಡಿದುಕೊಂಡು ಇನ್ನೂ ಅಳುತ್ತಿದ್ದಾಳೆ. ಅಳಲಿ.